ಕಾಲುವೆ ಗೇಟಿನ ಒಂದನೇ ಆರೋಪಿ

ಕೆರೆಯ ತಳದಲ್ಲಿ ನೀರಿರಲಿಲ್ಲ. ಸತ್ತ ಮೀನಿನ ನಾತ ಇತ್ತು. ಮಸ್ಕಿ ಕಡೆಯ ಆ ಊರಿನ ಕುಡಿಯುವ ನೀರಿನ ಕೆರೆ ಅದು, ಕಾಲುವೆಯ ನೀರು ಬಿಟ್ಟಾಗ ತುಂಬಬೇಕು. ಮೇಲ್ಗಡೆ ಹೊಲವಿದ್ದ ಸಾಹುಕಾರರು ಕಾಲುವೆಗೇ ಮೋಟರು ಇಳಿಸಿ ಭತ್ತದ ಎರಡನೇ ಬೆಳೆಗೆ ನೀರೆಳೆಯುತ್ತಿದ್ದರು. ಕೆರೆಗೆ ನೀರು ಬಿಡುವ ಊರಿನ ಗೇಟು ಮಾತ್ರ ಮುಚ್ಚಿತ್ತು. ಮಕ್ಕಳು ಬೋರಿನ ಸವಳು ನೀರು ಕುಡಿದು ಹೊಟ್ಟೆ ಹಿಡಿದುಕೊಂಡು ಅಳುತ್ತಿದ್ದವು.

ಅದೇ ಸಾಹುಕಾರರ ಗದ್ದೆಯಲ್ಲಿ ನಾಟಿ ಮಾಡುವ ಕೂಲಿ ಗ್ಯಾನಮ್ಮ. ಓಣಿಯ ಮಂದಿಯನ್ನು ಕರೆದುಕೊಂಡು ಗೇಟಿನ ಹತ್ತಿರ ಧರಣಿ ಕೂತಳು.

"ಹಿಂಗ ಸುಮ್ಮ ಕುಂತ್ರ ಯಾರು ಕೇಳ್ತಾರ ಬೇ?" ಎಂದಳು ಮಗಳು ದುರ್ಗಾದೇವಿ.

"ಕಲ್ಲು ಮುಟ್ಟಬ್ಯಾಡ್ರಿ. ಮುಟ್ಟಿದ್ರ ನೀರಿನ ಮಾತು ಹೋಗಿ ಕಲ್ಲಿನ ಮಾತಾಗ್ತೈತಿ," ಎಂದಳು ಗ್ಯಾನಮ್ಮ ಎಲ್ಲರಿಗೂ.

ಸಾಹುಕಾರರ ಕಾರಿನ ಹಿಂದೆಯೇ ಪೊಲೀಸ್ ವ್ಯಾನು ಬಂತು.

"ಏಳ್ರಲೇ, ಪರ್ಮಿಷನ್ ಇಲ್ಲ!" ಎಂದ ಎಸ್ಸೈ.

"ನೀರು ಕುಡಿಯಾಕೂ ಪರ್ಮಿಷನ್ ಬೇಕೇನ್ರೀ ಸಾಹೇಬ್ರ?"

ಲಾಠಿ ಬಿತ್ತು. ಮುದುಕಿ ಪೀರಮ್ಮನ ಕೈ ಮುರಿಯಿತು. ಸಿಟ್ಟಿಗೆದ್ದವರ ಕೈಯಿಂದ ಗ್ಯಾನಮ್ಮ ಕಲ್ಲು ಕಸಿಯುತ್ತಿದ್ದಳು. ಅವಳ ತುರುಬು ಹಿಡಿದೇ ವ್ಯಾನಿಗೆ ಎಳೆದರು.

ಮರುದಿನ ಮಧ್ಯಾಹ್ನ ಎಸ್ಸೈ ತಾನೇ ಬಂದು ಲಾಕಪ್ಪಿನ ಬಾಗಿಲು ತೆಗೆದ. ಮುಖ ಬೆವರಿತ್ತು.

"ಗ್ಯಾನಮ್ಮಾ, ನಿಮ್ಮ ಮಂದಿ ಗೇಟ್ ಒಡ್ಯಾಕತ್ತಾರ. ಜೀಪಿಗೆ ಕಲ್ಲು ತೂರ್ಯಾರ. ನೀ ಬಂದು ಹೇಳು, ಕೇಳ್ತಾರ."

"ನಿನ್ನಿ ನನ್ನ ಮಾತು ಕೇಳ್ಯಾರ್ರೀ. ಕೇಳಿ ಕೈ ಮುರಿಸ್ಕೊಂಡಾರ."

"ನಿನ್ನ ಮಗಳೂ ಅಲ್ಲೇ ಅದಾಳ. ಏನರ ಆದ್ರ?"

ಗ್ಯಾನಮ್ಮ ಎದ್ದು ಬಾಗಿಲವರೆಗೆ ಬಂದಳು.

"ಸಾಹುಕಾರರ ಮೋಟರು ಎತ್ತಸ್ರಿ. ಬರ್ತೀನಿ."

"ಅದು ನನ್ನ ಕೈಯಾಗಿಲ್ಲ."

"ಹಂಗಾರ ಇದೂ ನನ್ನ ಕೈಯಾಗಿಲ್ರೀ."

ತಿರುಗಿ ಹೋಗಿ ಗೋಡೆಗೆ ಒರಗಿ ಕೂತಳು. ಸೀರೆಯ ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಎಸ್ಸೈ ಕಾಣದಂತೆ ಅತ್ತಳು.

ಸಂಜೆಯೊಳಗೆ ಎಲ್ಲರನ್ನೂ ಹೊಡೆದು ಚದುರಿಸಿದರು. ದುರ್ಗಾದೇವಿಯ ತಲೆ ಒಡೆದಿತ್ತು. ಮುರಿದ ಗೇಟನ್ನು ವೆಲ್ಡಿಂಗ್ ಮಾಡಿ ಮತ್ತೆ ಮುಚ್ಚಿದರು. ಸಾಹುಕಾರರ ಮೋಟರು ಒಂದು ತಾಸೂ ನಿಲ್ಲಲಿಲ್ಲ.

ಗ್ಯಾನಮ್ಮನನ್ನು ಲಿಂಗಸುಗೂರು ಕೋರ್ಟಿಗೆ ಕರೆತಂದರು. ಅವಳ ಪರ ನಿಂತ ವಕೀಲೆ ಸುಕನ್ಯಾ ಕೇಸಿನ ಕಾಗದ ನೋಡಿ ತಲೆ ಎತ್ತಿದಳು.

"ಗೇಟ್ ಒಡದವರಾಗ ಒಂದನೇ ಆರೋಪಿ ನೀವ ಅಂತ ಬರದಾರ."

"ಆವಾಗ ನಾ ಅವರ ಕೀಲಿಯೊಳಗ ಇದ್ನಲ್ರೀ ಯವ್ವಾ!"

"ಜಡ್ಜ್ ಮುಂದ ಅದನ್ನ ಹೇಳ್ತೀನಿ."

ಹೇಳಿದಳು. ಜಾಮೀನು ಸಿಕ್ಕಿತು. ಕೇಸು ಹಾಗೇ ಉಳಿಯಿತು.

ಹೊರಗೆ ಬೇವಿನ ಮರದ ಕೆಳಗೆ ಊರಿನ ಮಂದಿ ಕಾದಿದ್ದರು. ತಲೆಗೆ ಪಟ್ಟಿ ಕಟ್ಟಿದ್ದ ದುರ್ಗಾದೇವಿ ಮುಂದೆ ಬಂದಳು. ಗ್ಯಾನಮ್ಮ ಆ ಪಟ್ಟಿಯನ್ನು ಮೆಲ್ಲಗೆ ಮುಟ್ಟಿದಳು.

"ಮನಿಗೆ ಹೋಗೂನೇನ್ ಬೇ?"

ಗ್ಯಾನಮ್ಮ ಸೆರಗು ಸೊಂಟಕ್ಕೆ ಬಿಗಿದಳು.

"ಗೇಟ್ ಒಡದಾಕಿ ನಾನ ಅಂತ ಸಾಹೇಬ್ರು ಕೋರ್ಟಿಗೆ ಹೇಳ್ಯಾರ. ಕಾಲುವಿ ಕಡೆ ನಡ್ರಿ. ಅಷ್ಟು ದೊಡ್ಡವರ ಮಾತು ಯಾಕ ಸುಳ್ಳಾಗಬೇಕು?"