ಮನ್ಯಾಗ ಇರ್ತೀನಿ, ಬರಕೊ

ಕುಬ್ರಾ ಬೇಗಂ ಮೊದಲ ಸಲ ತಾನು ಯಾವ ಕೆಲಸವನ್ನೂ ಮಾಡುವುದಿಲ್ಲ ಎಂದು ಹೇಳಿದಾಗ ಅವಳ ಹಲ್ಲಿನ ನಡುವೆ ಸುತಳಿಯ ತುದಿ ಇತ್ತು, ಕೈಯಲ್ಲಿ ದಬ್ಬಳ ಇತ್ತು, ಮೊಣಕಾಲುಗಳ ನಡುವೆ ಒಂದು ಹರಿದ ಗೋಣಿಚೀಲ ಇತ್ತು. ಬೆನ್ನ ಹಿಂದೆ ತೇಪೆ ಹಾಕಿ ಮುಗಿಸಿದ ಚೀಲಗಳ ಅಟ್ಟಿ ಮಾಡಿನ ತಗಡಿನವರೆಗೆ ಏರಿತ್ತು.

ಪೂರ್ಣಶ್ರೀ ಟ್ಯಾಬನ್ನು ತೊಡೆಯ ಮೇಲಿಟ್ಟುಕೊಂಡು ಎದುರಿಗೆ ಕೂತಿದ್ದಳು. ಮಾನವಿಗೆ ಬಸ್ಸಿನಲ್ಲಿ ಬಂದ ರಾಯಚೂರಿನವಳು, ಅರ್ಥಶಾಸ್ತ್ರದಲ್ಲಿ ಎಂ.ಎ. ದೇಶದಲ್ಲಿ ಎಷ್ಟು ಜನ ದುಡಿಯುತ್ತಾರೆ, ಎಷ್ಟು ಜನ ಕೆಲಸವಿಲ್ಲದೆ ಇದ್ದಾರೆ ಎಂದು ಮನೆಮನೆಗೆ ಹೋಗಿ ಕೇಳುವುದು ಅವಳ ಕೆಲಸ. ಆ ಕೆಲಸವೂ ಅವಳದಲ್ಲ, ಹೈದರಾಬಾದಿನ ಒಂದು ಕಂಪನಿಯ ಗುತ್ತಿಗೆ. ಆರು ತಿಂಗಳಿಗೊಮ್ಮೆ ಮುಂದುವರಿಯುತ್ತಿತ್ತು, ಅಥವಾ ಮುಂದುವರಿಯುತ್ತಿರಲಿಲ್ಲ.

"ಕಳೆದ ಏಳು ದಿನದಾಗ ಒಂದು ತಾಸಾದರೂ ದುಡಿದೀರೇನ್ರಿ ಖಾಲಾ?"

"ಇಲ್ಲ ಬೇಟಿ. ಮನ್ಯಾಗ ಇರ್ತೀನಿ, ಬರಕೊ."

"ಮತ್ತ ಈ ಚೀಲ?"

"ಕೈ ಸುಮ್ನ ಇರಬಾರದಂತ ಹಿಡಕೊಂಡೀನಿ."

"ಇಷ್ಟೊಂದು?"

"ಕೈ ಎರಡದಾವಲ್ಲ."

ಕಾರಣ ಆಮೇಲೆ ಹೊರಬಿತ್ತು. ದುಡಿಯುತ್ತೇನೆಂದು ಬರೆಸಿದವರ ರೇಷನ್ ಕಾರ್ಡು ಹೋಗುತ್ತದೆ ಎಂದು ಪಕ್ಕದ ಮನೆಯ ಭೀಮವ್ವ ಓಣಿಯಲ್ಲೆಲ್ಲ ಹೇಳಿಟ್ಟಿದ್ದಳು. ಈ ಲೆಕ್ಕಕ್ಕೂ ಕಾರ್ಡಿಗೂ ಸಂಬಂಧವಿಲ್ಲ, ನೀವು ಹೇಳಿದ್ದನ್ನು ಯಾರ ಮುಂದೆಯೂ ಹೇಳುವುದಿಲ್ಲ ಎಂದು ನಾನು ಸಹಿ ಮಾಡಿಕೊಟ್ಟಿದ್ದೇನೆ ಎಂದು ಪೂರ್ಣಶ್ರೀ ವಿವರಿಸಿದಳು.

"ಯಾರ ಮುಂದೂ ಹೇಳಂಗಿಲ್ಲ ಅಂದಮ್ಯಾಲ ಯಾಕ ಕೇಳ್ತೀ?"

ಮನೆಯವರು ಹೇಳಿದ್ದನ್ನೇ ಬರೆಯಬೇಕು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಪೂರ್ಣಶ್ರೀ 'ಮನೆಗೆಲಸ' ಎಂಬುದರ ಮೇಲೆ ಬೆರಳಿಟ್ಟಳು. ಟ್ಯಾಬು ಮುಂದಿನ ಹತ್ತೊಂಬತ್ತು ಪ್ರಶ್ನೆಗಳನ್ನು ತಾನೇ ದಾಟಿಕೊಂಡು ಕೊನೆಗೆ ಹೋಯಿತು. ಕುಬ್ರಾ ಬೇಗಂ ದಬ್ಬಳ ಕೆಳಗಿಟ್ಟು ಚಹಾಕ್ಕೆ ಎದ್ದಳು.

ಆಯ್ದ ಮನೆಗಳಿಗೆ ಮೂರು ತಿಂಗಳಿಗೊಂದರಂತೆ ನಾಲ್ಕು ಸಲ ಹೋಗಬೇಕು. ಎರಡನೆಯ ಸಲ ಹೋದಾಗಲೂ ಕುಬ್ರಾ ಬೇಗಂ ಮನೆಯಲ್ಲೇ ಇದ್ದಳು, ಅಟ್ಟಿ ಇನ್ನಷ್ಟು ಎತ್ತರವಾಗಿತ್ತು. ಮೂರನೆಯ ಸಲ ಭತ್ತದ ಸುಗ್ಗಿ. ಅಕ್ಕಿ ಮಿಲ್ಲಿನವರು ದಿನಕ್ಕೆರಡು ಸಲ ಹರಿದ ಚೀಲ ತಂದು ಹಾಕುತ್ತಿದ್ದರು. ಅವಳಿಗೆ ತಲೆ ಎತ್ತಲು ಪುರಸೊತ್ತಿರಲಿಲ್ಲ. "ಅದ ಬರಕೊ ಬೇಟಿ, ಹೋದ ಸಲದ್ದು," ಎಂದು ತಲೆ ಬಗ್ಗಿಸಿಕೊಂಡೇ ಹೇಳಿದಳು. ಪೂರ್ಣಶ್ರೀ ಅದನ್ನೇ ಬರೆದುಕೊಂಡಳು.

ಅಷ್ಟರಲ್ಲಿ ದೇವದುರ್ಗದ ಕಡೆ ಇದೇ ಸಮೀಕ್ಷೆ ನೋಡಿಕೊಳ್ಳುತ್ತಿದ್ದ ನೌಶೀನಳ ಗುತ್ತಿಗೆ ಹೋಯಿತು. ಅವಳ ಪಾಲಿಗೆ ಬಂದ ಓಣಿಯ ಹೆಂಗಸರೆಲ್ಲ ಹತ್ತಿ ಬಿಡಿಸುವ ಕಾಲಕ್ಕೆ ಕೂಲಿ, ಬೇಸಿಗೆಗೆ ಖಾಲಿ, ಮಳೆ ಬಿದ್ದಮೇಲೆ ಮತ್ತೆ ಕೂಲಿ. ನೌಶೀನ್ ಮೂರು ಸಲವೂ ನಿಜವನ್ನೇ ಬರೆದಿದ್ದಳು. ಮೂರು ನಿಜಗಳು ಒಂದಕ್ಕೊಂದು ಹೊಂದಲಿಲ್ಲ. ಉತ್ತರಗಳು ಹೀಗೆ ಬದಲಾದರೆ ಕಂಪನಿ ಮರುತಪಾಸಣೆಗೆ ಹಾಕುತ್ತದೆ. ಮರುತಪಾಸಣೆಗೆ ಬಿದ್ದವರ ಹೆಸರು ಮುಂದಿನ ಪಟ್ಟಿಯಲ್ಲಿ ಇರುವುದಿಲ್ಲ.

"ನಿನ್ನ ಮಾನವಿ ಮನಿಗೋಳು ಛಲೋ ಅದಾವ," ಎಂದಿದ್ದ ಮೇಲ್ವಿಚಾರಕ ವೇದವ್ಯಾಸ. "ಮೂರು ಸಲಾನೂ ಒಂದ ಉತ್ತರ. ನಾಲ್ಕನೇದಕ್ಕ ತಪಾಸಣಿಗೆ ಬರ್ತಾರ. ಹಿಂಗ ಇರ್ಲಿ."

ಮನೆಯಲ್ಲಿ ಪೂರ್ಣಶ್ರೀಯ ತಂದೆ ಗೋಪಾಲಕೃಷ್ಣ, ನಿವೃತ್ತ ಮೇಷ್ಟರು, ಸಂಧ್ಯಾವಂದನೆ ಮುಗಿಸಿ ಪೇಪರು ಹಿಡಿಯುತ್ತಿದ್ದರು. ದೇಶದಲ್ಲಿ ನಿರುದ್ಯೋಗ ಇಳಿದಿದೆ ಎಂದು ಒಂದು ದಿನ ಗಟ್ಟಿಯಾಗಿ ಓದಿದರು. "ಎಷ್ಟು?" ಎಂದು ಪೂರ್ಣಶ್ರೀ ಕೇಳಿದಳು. ಅವರು ದಶಾಂಶದ ಸಮೇತ ಹೇಳಿದರು. ಆ ಅಂಕಿಯೊಳಗೆ ಅವಳ ಮಾನವಿಯ ಮನೆಗಳೂ ಇದ್ದವು. ಅವಳು ಆ ರಾತ್ರಿ ಊಟದಲ್ಲಿ ಹುಳಿಯನ್ನು ಎರಡನೆಯ ಸಲ ಬಡಿಸಿಕೊಳ್ಳಲಿಲ್ಲ. ತಾಯಿ ವಿಜಯಾಬಾಯಿ, "ಉಪ್ಪು ಹೆಚ್ಚಾಗ್ಯದೇನು?" ಎಂದರು.

ನಾಲ್ಕನೆಯ ಸಲ ಅವಳು ತಪಾಸಣೆಯ ಅಧಿಕಾರಿಗಿಂತ ಅರ್ಧ ತಾಸು ಮೊದಲೇ ಮಾನವಿಗೆ ಹೋದಳು. ಕುಬ್ರಾ ಬೇಗಂ ಹೊಸ್ತಿಲಲ್ಲಿ ಕೂತಿದ್ದಳು. ಎರಡೂ ಕೈ ಮಡಿಲಲ್ಲಿ ಸುಮ್ಮನಿದ್ದವು. ಹಿಂದೆ ಅಟ್ಟಿ ಇರಲಿಲ್ಲ. ಅದು ಇದ್ದ ಕಡೆ ಗೋಡೆಯ ಸುಣ್ಣ ಉಳಿದ ಕಡೆಗಿಂತ ಬಿಳಿಯಾಗಿತ್ತು.

"ಚೀಲ ಎಲ್ಲಿ ಖಾಲಾ?"

"ಪ್ಲಾಸ್ಟಿಕ್ ಬಂತು. ಮಿಲ್ಲಿನವರೆಲ್ಲ ಅದನ್ನ ತಗೊಂಡ್ರು. ಹರದ್ರ ಹೊಲ್ಯಂಗಿಲ್ಲ, ಒಗದುಬಿಡ್ತಾರ." ಗಂಡ ಖಾಜಾಮಿಯಾ ಅದೇ ಮಿಲ್ಲಿನಲ್ಲಿ ಹಮಾಲ. "ಅವರಿಗೂ ಆಗವಲ್ದು. ಬೆನ್ನಮ್ಯಾಲೆ ನಿಂದ್ರಂಗಿಲ್ಲಂತ, ಜಾರತಾವಂತ."

"ಈಗೇನು ಮಾಡಾಕತ್ತೀರಿ?"

"ದಿನಾ ಮುಂಜಾನಿ ಮಿಲ್ಲಿನ ಗೇಟಿಗೆ ಹೋಗಿ ಕೇಳಿ ಬರ್ತೀನಿ. ನುಚ್ಚು ಹಸನ ಮಾಡೋದಿದ್ರೂ ಕೊಡ್ರಿ ಅಂತ. ವಾಚ್‌ಮನ್ ಮಲ್ಲಯ್ಯ ನನ್ನ ನೋಡಿದ ಕೂಡ್ಲೆ ತಲಿ ಅಲ್ಲಾಡಸ್ತಾನ. ಈಗ ನಾ ಬಾಯಿ ತೆರಿಯೋದ ಬಿಟ್ಟೀನಿ."

ಪೂರ್ಣಶ್ರೀ ಲೆಕ್ಕ ಹಾಕಿದಳು. ಕೆಲಸವಿಲ್ಲ, ಆದರೆ ಹುಡುಕುತ್ತಿದ್ದಾಳೆ: ಅಂದರೆ ನಿರುದ್ಯೋಗಿ. ಮೂರು ಸಲ ಮನೆಗೆಲಸ ಎಂದು ಬರೆದು ನಾಲ್ಕನೆಯ ಸಲ ನಿರುದ್ಯೋಗಿ ಎಂದರೆ, ನಡುವೆ ಏನಾಯಿತು ಎಂದು ಕೇಳುತ್ತಾರೆ. ನಡುವೆ ಆದದ್ದನ್ನು ಹೇಳಬೇಕಾದರೆ ಮೊದಲಿನ ಮೂರೂ ಸುಳ್ಳು ಎಂದು ಹೇಳಬೇಕು. ಅವಳು ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು, ಕುಡಿಯದೆ ಮತ್ತೆ ಒಳಗಿಟ್ಟಳು.

"ಯಾಕ, ಮುಖ ಸಣ್ಣ ಮಾಡೀದಿ?"

ಪೂರ್ಣಶ್ರೀ ಹೇಳಬಾರದೆಂದುಕೊಂಡೇ ಹೇಳಿದಳು. ನೌಶೀನಳದ್ದನ್ನೂ ಹೇಳಿದಳು. ಕುಬ್ರಾ ಬೇಗಂ ಎಲ್ಲ ಕೇಳಿ, "ನಿನ್ನದೂ ಚೀಲದ ಕೆಲಸನ ಅಂದಂಗಾಯ್ತು," ಎಂದಳು.

"ನೀವು ಖರೇ ಹೇಳ್ರಿ ಖಾಲಾ. ನಾ ಬರಕೋತೀನಿ."

ಅವಳು ಇದನ್ನು ಹೇಳಿದ್ದು ನಿಜ. ದನಿ ಮಾತ್ರ ಅಷ್ಟು ಗಟ್ಟಿಯಾಗಿರಲಿಲ್ಲ.

ತಪಾಸಣೆಗೆ ಬಂದ ವಿಬುಧೇಂದ್ರ ಮೆದು ಮಾತಿನ ಮನುಷ್ಯ. ಬಿಸಿಲಿಗೆ ಕರವಸ್ತ್ರ ಕತ್ತಿಗೆ ಸುತ್ತಿಕೊಂಡಿದ್ದರು. ಕುರ್ಚಿ ಕೊಟ್ಟರೆ ಅದರ ತುದಿಯಲ್ಲಿ ಕೂತರು. ಪೂರ್ಣಶ್ರೀ ಪ್ರಶ್ನೆ ಕೇಳಿದಳು.

"ಕಳೆದ ಏಳು ದಿನದಾಗ ಒಂದು ತಾಸಾದರೂ ದುಡಿದೀರೇನ್ರಿ?"

"ಇಲ್ಲ."

ಅದು ನಿಜವಾದದ್ದು ಇದೇ ಮೊದಲ ಸಲ. ಇನ್ನೊಂದು ಪ್ರಶ್ನೆ ಉಳಿದಿತ್ತು. ಹಿಂದಿನ ಮೂರು ಸಲ ಅದನ್ನು ಅವಳು ಸರಿಯಾಗಿ ಕೇಳಿರಲೇ ಇಲ್ಲ. ಈ ಸಲ ಒಂದೊಂದೇ ಶಬ್ದ ಬಿಡಿಸಿ ಕೇಳಿದಳು.

"ಕೆಲಸ ಹುಡುಕಾಕತ್ತೀರೇನ್ರಿ?"

ಕುಬ್ರಾ ಬೇಗಂ ಅವಳನ್ನು ನೋಡಿದಳು. ಆಮೇಲೆ ಸಾಹೇಬರ ಕಡೆ ತಿರುಗಿ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ನನಗ್ಯಾಕ ಬೇಕ್ರಿ ಸಾಬ್ ಕೆಲಸ? ಗಂಡ ದುಡೀತಾನ. ಮನ್ಯಾಗ ಇರ್ತೀನಿ, ಬರಕೊಳ್ರಿ."

ಟ್ಯಾಬು ಹತ್ತೊಂಬತ್ತು ಪ್ರಶ್ನೆಗಳನ್ನು ದಾಟಿಕೊಂಡು ಹೋಯಿತು. ವಿಬುಧೇಂದ್ರ ಹಳೆಯ ಮೂರು ಉತ್ತರಗಳ ಜೊತೆ ಹೋಲಿಸಿ ನೋಡಿದರು. "ನಾಲ್ಕೂ ಹೊಂದ್ಯಾವ. ಇಂಥಾ ಮನಿ ಸಿಗೂದು ಕಡಿಮಿ," ಎಂದರು. ಚಹಾ ಕುಡಿದು, ಒಳ್ಳೆಯ ಚಹಾ ಎಂದು ಹೇಳಿ, ಜೀಪು ಹತ್ತಿದರು.

ಮಧ್ಯಾಹ್ನ ರಾಯಚೂರು ಬಸ್ಸಿನಲ್ಲಿ ಪೂರ್ಣಶ್ರೀಗೆ ಕಿಟಕಿ ಸಿಕ್ಕಿತು. ಬಸ್ಸು ಬಿಡುವಷ್ಟರಲ್ಲಿ ಕುಬ್ರಾ ಬೇಗಂ ಬುರ್ಖಾ ಹಾಕಿಕೊಂಡು ಹತ್ತಿದಳು. ನೇರ ಅವಳ ಪಕ್ಕಕ್ಕೇ ಬಂದು ಕೂತಳು. ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಉದ್ದನೆಯದೇನೋ ಇತ್ತು. ದಬ್ಬಳ.

"ಸಾಬ್ ಹೋದ್ರಾ?"

"ಹೋದ್ರು."

"ಈಗ ಕೇಳು."

"ಕಳಿಸಿಬಿಟ್ಟೀನಿ ಖಾಲಾ. ಈಗ ಕೇಳಿ ಏನ್ಮಾಡ್ಲಿ?"

"ಕಳಿಸಿದ್ರ ಕಳಸು. ಕೇಳು."

ಪೂರ್ಣಶ್ರೀ ಸುತ್ತ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದಳು. "ಕೆಲಸ ಹುಡುಕಾಕತ್ತೀರೇನ್ರಿ?"

"ಹೌದು. ಅದಕ್ಕ ಹೊಂಟೀನಿ. ಹೆಂಗಸರಿಗೆ ಟಿಕೀಟಿಲ್ಲ, ಬರಿಗೈಲೆ ಬಂದ್ರೂ ನಷ್ಟ ಇಲ್ಲ. ರಾಯಚೂರಾಗ ಗೋಣಿ ಹೊಲಿಸೋರು ಇನ್ನೂ ಯಾರರ ಉಳದಾರೇನು?"

ಉಳಿದಿದ್ದರು. ಗಂಜಿನ, ಅಂದರೆ ಕೃಷಿ ಮಾರುಕಟ್ಟೆಯ, ಹಿಂದೆ ಸತ್ತಾರ್ ಸಾಬರ ಗೋದಾಮಿತ್ತು. ಒಣಮೆಣಸಿನಕಾಯಿಗೆ ಗಾಳಿಯಾಡಬೇಕು, ಪ್ಲಾಸ್ಟಿಕ್ಕು ನಡೆಯುವುದಿಲ್ಲ, ಹೊಲಿಯುವವರು ಇಬ್ಬರು ಬಿಟ್ಟುಹೋಗಿದ್ದಾರೆ ಎಂದು ಅವರು ಹೋದ ವಾರವಷ್ಟೇ ಹೇಳಿದ್ದರು. ಸಮೀಕ್ಷೆಯಲ್ಲಿ ಹೇಳಿದ್ದರು. ಯಾರ ಮುಂದೆಯೂ ಹೇಳುವುದಿಲ್ಲ ಎಂದು ಪೂರ್ಣಶ್ರೀ ಅವರಿಗೂ ಹೇಳಿ ಬಂದಿದ್ದಳು.

ಫೋನು ಸದ್ದು ಮಾಡಿತು. ವೇದವ್ಯಾಸನ ಸಂದೇಶ: ಗುತ್ತಿಗೆ ಮುಂದುವರಿದಿದೆ. ಈ ಸಲ ಆರು ತಿಂಗಳಲ್ಲ, ಮೂರು. ಅವಳು ಎರಡು ಸಲ ಓದಿ ಫೋನನ್ನು ಬೋರಲು ಹಾಕಿದಳು. ಬಸ್ಸು ಎರಡು ಊರು ದಾಟಿತು.

"ಗಂಜಿನ ಹಿಂದ, ಸತ್ತಾರ್ ಸಾಬ್ ಅಂತ," ಎಂದಳು ಆಮೇಲೆ. "ಹಸಿರು ತಗಡಿನ ಗೇಟು. ನಾ ಹೇಳ್ದೆ ಅನಬ್ಯಾಡ್ರಿ."

"ಯಾರು ಹೇಳಿದ್ರು ಅಂತ ಕೇಳಿದ್ರ?"

"ಯಾರೂ ಹೇಳಿಲ್ಲ, ಹಂಗ ಕೇಳ್ಕೋತ ಬಂದೆ ಅನ್ರಿ."

"ಸುಳ್ಳು ಹೇಳೋದು ನಿನಗ ಬರಂಗಿಲ್ಲ ಅನಕೊಂಡಿದ್ದೆ," ಎಂದಳು ಕುಬ್ರಾ ಬೇಗಂ.

ಗಂಜಿನ ಹತ್ತಿರ ಅವಳು ಇಳಿದಳು. ಇಳಿದು, ದಬ್ಬಳವನ್ನು ಎದೆಗೆ ಹಿಡಿದುಕೊಂಡು, ಬಲಕ್ಕೆ ಹೊರಟಳು. ಪೂರ್ಣಶ್ರೀ ಕಿಟಕಿಯಿಂದ ಕೈ ಹೊರಗೆ ಹಾಕಿ ಎಡಕ್ಕೆ ತೋರಿಸಿದಳು. ಕುಬ್ರಾ ಬೇಗಂ ನಿಂತು ನೋಡಿ, ಎಡಕ್ಕೆ ತಿರುಗಿದಳು.

"ಕೈ ಒಳಗ ತಗೋರಿ ಅಕ್ಕಾರ," ಎಂದ ಕಂಡಕ್ಟರ್.

ಪೂರ್ಣಶ್ರೀ ಕೈ ಒಳಗೆ ತೆಗೆದುಕೊಂಡಳು.