ಅತ್ತೆಯ ಕೊನೆಯ ಕಾಗದ

"ಕೈ ಕೊಡು ಇಲ್ಲಿ," ಎಂದು ಗಂಡ ತನ್ನ ಕರವಸ್ತ್ರದಿಂದ ಅವಳ ಬೆರಳ ಸಂದಿಯ ಮಣ್ಣು ಒರೆಸಿದ. "ಗಿಡ ನೆಟ್ಟು ಬಂದವಳ ಹಾಗೆ ಮಾಡ್ಕೊಂಡಿದೀಯಲ್ಲ."

ಅತ್ತೆಯನ್ನು ಮಣ್ಣು ಮಾಡಿ ಎಲ್ಲರೂ ನೇರವಾಗಿ ಶೂಟಿಂಗ್ ಕ್ಲಬ್ಬಿಗೆ ಬಂದಿದ್ದರು. ಅಲ್ಲೊಂದು ಪದ್ಧತಿ. ಸದಸ್ಯರು ಯಾರಾದರೂ ತೀರಿಕೊಂಡರೆ, ಅವರು ನಿಲ್ಲುತ್ತಿದ್ದ ಜಾಗದಲ್ಲಿ ಇನ್ನೊಬ್ಬರು ನಿಂತು, ಅವರ ಪಿಸ್ತೂಲಿನಿಂದ ಒಂದೇ ಒಂದು ಗುಂಡು ಹಾರಿಸಬೇಕು. ಆ ಗುರಿಕಾಗದ ಸತ್ತವರ ಹೆಸರು ಹೊತ್ತು ಗೋಡೆಗೆ ಏರುತ್ತದೆ. ಗುಂಡು ಎಲ್ಲಿ ತಾಗಿದರೂ ಅದೇ ಕಾಗದ, ಎರಡನೇ ಅವಕಾಶವಿಲ್ಲ. ಬದುಕಿಡೀ ಕಂಡವರ ಪ್ಯಾಂಟು ಗಿಡ್ಡ ಮಾಡಿ, ಬಿಡುವಿನ ದಿನವನ್ನೆಲ್ಲ ಇಲ್ಲಿ ಕಳೆದ ಅತ್ತೆ ಆಸ್ಪತ್ರೆಯ ಹಾಸಿಗೆಯಲ್ಲೇ ಹೇಳಿಬಿಟ್ಟಿದ್ದಳು: ನನ್ನ ಕಾಗದ ಸೊಸೆಯದು.

ಸೊಸೆ ನೆರೆದವರನ್ನು ಒಮ್ಮೆ ಎಣಿಸಿದಳು. ಒಬ್ಬಳೇ ಇದ್ದರೆ ಕಪ್ಪು ವೃತ್ತದ ನಡುವಿಗೇ ಹೊಡೆಯುವವಳು. ನಾಲ್ಕು ಜನ ನೋಡಿದರೆ ಮನಸ್ಸು ಸಂತೆಗೆ ಹೊರಡುತ್ತಿತ್ತು.

"ಗುರಿ ತಪ್ಪಿದ್ರೆ ಗುಂಡತ್ತೆ ಎದ್ದು ಬರ್ತಾಳೆ," ಎಂದರು ಹಲ್ಲಿನ ಡಾಕ್ಟರು. ಅತ್ತೆಯ ಹಳೇ ಎದುರಾಳಿ. ಕಡ್ಡಿಯಂಥ ಅತ್ತೆಗೆ ಆ ಹೆಸರಿಟ್ಟವರೂ ಅವರೇ. "ಬೇಕಾದ್ರೆ ನಾನು ಹೊಡೀತೀನಮ್ಮ."

"ನೀವು ಹಲ್ಲು ಕೀಳಿ ಡಾಕ್ಟ್ರೇ," ಎಂದಳು ನಾದಿನಿ. "ನೀವು ಹೊಡೀತೀರಿ ಅಂತ ಗೊತ್ತಾಗಿದ್ರೆ ಅಮ್ಮ ಸಾಯ್ತಾನೇ ಇರ್ಲಿಲ್ಲ."

ಬೆಳಗಿನಿಂದ ಬಿಗಿದುಕೊಂಡಿದ್ದವರೆಲ್ಲ ನಕ್ಕು ಹಗುರಾದರು.

*

ಹಿಂದೊಂದು ಪಂದ್ಯದಲ್ಲಿ ಕೊನೆಯ ಗುಂಡು ಬಾಕಿ ಇರುವಾಗ ಸೊಸೆ ಮನಸ್ಸಿನಲ್ಲೇ ಅಂಕ ಕೂಡಿಸತೊಡಗಿದ್ದಳು. ಗುರಿ ಕದಲಿತು. ಎಲ್ಲರ ಕಣ್ಣೆದುರು ಪಿಸ್ತೂಲು ಇಳಿಸುವುದು ಹೇಗೆಂದು ಹಲ್ಲು ಕಚ್ಚಿ ಒತ್ತಿದಳು. ಗುಂಡು ಹೋಗಿ ಪಕ್ಕದ ಡಾಕ್ಟರ ಕಾಗದದ ನಟ್ಟನಡುವೆ ಕೂತಿತು.

ಮನೆಯ ದಾರಿಯುದ್ದಕ್ಕೂ ಅತ್ತೆ ನಕ್ಕಳು. "ಆ ಮನುಷ್ಯನ ಕಾಗದಕ್ಕೆ ಅಷ್ಟು ಒಳ್ಳೇ ಗುಂಡು ಯಾವತ್ತೂ ಬಿದ್ದಿರ್ಲಿಲ್ಲ ಕಣೇ."

"ನಗಬೇಡಿ ಅತ್ತೆ. ಯೋಚನೆ ಬೇಡ ಬೇಡ ಅಂದಷ್ಟೂ ಬರತ್ತೆ."

"ಬರ್ಲಿ ಬಿಡು, ನಂಗೂ ಬರತ್ತೆ. ಹೊಲೀತಾ ಇರುವಾಗ ಸೂಜಿಯಿಂದ ದಾರ ಜಾರಿದ್ರೆ, ಗಿರಾಕಿ ಎದುರಿಗೆ ಕೂತಿದಾನೆ ಅಂತ ಬರೀ ಸೂಜಿ ಓಡಿಸ್ತೀಯಾ? ನಿಲ್ಲಿಸಿ ಪೋಣಿಸ್ತೀಯ ತಾನೆ? ಇದೂ ಹಾಗೇ. ಮನಸ್ಸು ಜಾರ್ತು ಅಂದ್ರೆ ಕೈ ಇಳಿಸು. ನಾಚಿಕೆಗೆ ಹೊಡೆದ ಗುಂಡು ಪಕ್ಕದ್ಮನೆಗೇ ಹೋಗೋದು."

*

ಸೊಸೆ ಅತ್ತೆಯ ಪಿಸ್ತೂಲು ಎತ್ತಿದಳು. ಬೆನ್ನ ಹಿಂದೆ ಯಾರೋ ಮೂಗು ಸೇದಿದರು. ಗಂಡನೇ ಇರಬೇಕು. ಇಳಿಸಿದಳು.

ಮತ್ತೆ ಎತ್ತಿದಳು. ಗೋಡೆಯ ಮೇಲೆ ಕಾಗದ ಹೇಗೆ ಕಾಣುತ್ತದೋ ಎಂಬ ಯೋಚನೆ ಬಂತು. ಇಳಿಸಿದಳು.

"ಚಹಾ ಆರ್ತಾ ಇದೆ," ಎಂದರು ಡಾಕ್ಟರು.

"ಆರ್ಲಿ ಬಿಡಿ," ಎಂದಳು ಸೊಸೆ, ತಿರುಗದೆ. "ಬಿಸಿ ಮಾಡಿದ್ರಾಯ್ತು."

ಸದ್ದು ತಡೆಯಲು ಕಿವಿಗೆ ಹಾಕಿದ್ದ ಮುಚ್ಚಳ ಸರಿಮಾಡಿಕೊಂಡು ಇನ್ನೊಮ್ಮೆ ಎತ್ತಿದಳು. ದೂರದ ಕಪ್ಪು ವೃತ್ತ ಮಂಜಾಯಿತು. ನಳಿಗೆಯ ತುದಿಯಲ್ಲಿ ಗುರಿ ಹಿಡಿಯುವ ಪುಟ್ಟ ಮೊಳೆಯೊಂದೇ ಚೊಕ್ಕವಾಗಿ ಕಣ್ಣಿಗೆ ನಿಂತಿತು. ಬೆರಳು ತಾನಾಗಿ ಮಡಚಿಕೊಂಡಿತು, ಗುಂಡು ಹಾರಿತು.

ಡಾಕ್ಟರು ದುರ್ಬೀನು ಕಣ್ಣಿಗಿಟ್ಟರು, ತೆಗೆದರು, ಗಾಜು ಒರೆಸಿ ಮತ್ತೆ ಇಟ್ಟರು.

"ಏನಾಯ್ತು ಹೇಳಿ," ಎಂದಳು ನಾದಿನಿ. "ಹಲ್ಲು ಕೀಳಿಸ್ಕೊಂಡೋರ ಹಾಗೆ ನಿಂತಿದೀರಲ್ಲ."

"ನಡುವಿಂದ ಒಂದು ಕೂದಲು ಎಡಕ್ಕೆ. ಅಷ್ಟೇ."

ಎಲ್ಲರೂ ದುರ್ಬೀನಿಗೆ ಮುಗಿಬಿದ್ದರು. ಸೊಸೆ ಅತ್ತ ನೋಡಲಿಲ್ಲ. ಕೈ ಇನ್ನೂ ನೇರವಾಗಿ ಚಾಚಿಯೇ ಇತ್ತು; ಹೊಗೆಯ ಎಳೆಯೊಂದು ನಳಿಗೆಯಿಂದ ಎದ್ದು ಅಲುಗಾಡದೆ ಮೇಲಕ್ಕೆ ಹೋಗುತ್ತಿತ್ತು.