ತಾಯಿಗೇ ಗೊತ್ತಿರದ ಸೀತಾಳೆ

ಸ್ಫಾಕ್ಸ್ ಪಟ್ಟಣದ ಬಸುರಿ ವಿದಾದ್‌ಗೆ ಆಗ ಏಳು ತಿಂಗಳು ತುಂಬಿತ್ತು. ನಾದಿನಿಯ ಪುಟ್ಟ ಮಗಳು ರನೀಮ್‌ಳನ್ನು ಒಂದು ಮಧ್ಯಾಹ್ನವಿಡೀ ಮಗ್ಗುಲಲ್ಲಿ ಕೂರಿಸಿಕೊಂಡು ತಲೆ ಬಾಚಿ, ಜಡೆ ಹೆಣೆದು, ಮುದ್ದಾಡಿ ಕಳಿಸಿದ್ದಳು. ಮರುದಿನ ಬೆಳಗಾಗುವಷ್ಟರಲ್ಲಿ ಮಗುವಿನ ಮೈತುಂಬ ನೀರುಗುಳ್ಳೆ. ಸೀತಾಳೆ ಸಿಡುಬು.

ಸುದ್ದಿ ಕಿವಿಗೆ ಬಿದ್ದದ್ದೇ ಅತ್ತೆ ಮೊಂಜಿಯಾ ಮೀನು ಉಜ್ಜುತ್ತಿದ್ದ ಕೈಯಲ್ಲೇ ಎದ್ದು ಬಂದರು.

"ಚಿಕ್ಕೋಳಿದ್ದಾಗ ನಿಂಗೆ ಬಂದಿತ್ತೇನೇ?"

ವಿದಾದ್ ತಾಯಿಗೆ ಫೋನ್ ಹಚ್ಚಿದಳು. "ನನ್ನ ಮಕ್ಕಳಿಗಾ? ಆ ಪೀಡೆ ನಮ್ಮನೆ ಹೊಸ್ತಿಲೇ ತುಳಿದಿಲ್ಲ!" ಎಂದು ತಾಯಿ ಶೆದ್ಲಿಯಾ ಬೀಗಿದರು. ಒಮ್ಮೆ ಬಂದು ಹೋಗಿದ್ದರೆ ಮತ್ತೆ ಬರದು, ಬಂದೇ ಇಲ್ಲವೆಂದರೆ? ವಿದಾದ್ ಅಳಲು ಶುರುವಿಟ್ಟಳು.

"ಆಮೇಲೆ ಅಳುವಂತೆ. ಮೊದಲು ಚಪ್ಪಲಿ ಮೆಟ್ಟು" ಎಂದು ಅತ್ತೆ ಅವಳನ್ನು ಡಾಕ್ಟರ ಬಳಿಗೆ ಹೊರಡಿಸಿದರು.

ಡಾಕ್ಟರಮ್ಮ ಮುಚ್ಚುಮರೆ ಮಾಡಲಿಲ್ಲ. "ಬಸುರಿಗೆ ಇದು ಬಂದ್ರೆ ಶ್ವಾಸಕೋಶಕ್ಕೆ ಇಳಿಯಬಹುದು. ಹೆರಿಗೆ ಹೊತ್ತಲ್ಲಿ ಬಂದ್ರೆ ಕೂಸಿಗೂ ಗಂಡಾಂತರ. ಆದ್ರೆ ನೀವು ತಡ ಮಾಡ್ದೆ ಬಂದಿದೀರಿ. ರಕ್ತ ನೋಡೋಣ. ಒಳಗೆ ರಕ್ಷಣೆ ಇಲ್ದೇ ಇದ್ರೆ ಅದಕ್ಕೂ ಚುಚ್ಚುಮದ್ದಿದೆ."

ಫಲಿತಾಂಶ ಬರುವವರೆಗೆ ವಿದಾದ್‌ಳ ಅಂಗೈ ಹೊಟ್ಟೆ ಬಿಟ್ಟು ಕದಲಲಿಲ್ಲ. ಅತ್ತೆ ಸಾರಿಗೆ ಎರಡೆರಡು ಸಲ ಉಪ್ಪು ಹಾಕಿದರು. ಮನೆಯವರು ಅದನ್ನೇ ಉಂಡೆದ್ದರು.

ಕೊನೆಗೆ ಡಾಕ್ಟರಮ್ಮನೇ ಫೋನ್ ಮಾಡಿದರು. "ನಿಮ್ಮ ರಕ್ತದಲ್ಲಿ ಬೇಕಾದಷ್ಟು ರಕ್ಷಣೆ ಇದೆಯಮ್ಮ! ಯಾವತ್ತೋ ಬಂದು ಹೋಗಿದೆ. ನಿಶ್ಚಿಂತೆಯಾಗಿರಿ."

ಮೊಂಜಿಯಾ ನಾಲಿಗೆ ಹೊರಳಿಸಿ ಹಾಕಿದ ಹರ್ಷದ ಕೂಗಿಗೆ ಬೀದಿಯ ಹೆಂಗಸರೆಲ್ಲ ಓಡಿ ಬಂದರು. "ಹೆರಿಗೆ ಆಯ್ತಾ? ಗಂಡೋ ಹೆಣ್ಣೋ?"

ಫೋನಿನಲ್ಲಿ ಸುದ್ದಿ ಕೇಳಿದ ತಾಯಿ ಶೆದ್ಲಿಯಾ ಮಾತ್ರ ಒಪ್ಪಲಿಲ್ಲ. "ಹೆತ್ತೋಳು ನಾನು, ನಂಗೊತ್ತಿಲ್ವಾ?" ಹಟಕ್ಕೆ ಬಿದ್ದು, ಕರ್ಕೆನ್ನಾ ದ್ವೀಪದಲ್ಲಿದ್ದ ತಮ್ಮ ತಾಯಿ ಮಹ್ಬೂಬಾರನ್ನೂ ಅದೇ ಫೋನಿಗೆ ಎಳೆದರು.

"ಬಂದಿತ್ತು ಕಣೇ" ಎಂದಿತು ಅಜ್ಜಿ, ತಣ್ಣಗೆ. "ಒಂದು ಬೇಸಿಗೇಲಿ ಇವಳನ್ನ ನನ್ನತ್ರ ಬಿಟ್ಟು ಹೋಗಿದ್ಯಲ್ಲ, ಆಗ. ಏನೋ ಒಂದಷ್ಟು ಗುಳ್ಳೆ. ನಿಂಗೆ ಹೇಳಿದ್ರೆ ಹಡಗು ಹತ್ತಿ ಬಂದು ನನ್ನ ತಲೆ ತಿಂತಿದ್ದೆ."

"ಇಷ್ಟು ವರ್ಷ ಬಾಯಿ ಬಿಡ್ಲಿಲ್ವಲ್ಲಮ್ಮಾ!"

"ನೀನು ಕೇಳಿದ್ದಾದ್ರೂ ಯಾವಾಗ?"

ವಿದಾದ್ ನಕ್ಕಳು, ಪಕ್ಕೆ ನೋಯುವಷ್ಟು ನಕ್ಕಳು. ಒಳಗಿನ ಕೂಸು ನಗುವಿಗೊಂದು ಗುದ್ದು ಕೊಡುತ್ತಿತ್ತು.

"ಮೆಲ್ಲಗೆ ನಗೇ ತಾಯಿ, ಈಗ್ಲೇ ಹೊರಗೆ ಬಂದ್ಬಿಟ್ಟೀತು!" ಎಂದು ಗದರಿದ ಅತ್ತೆ, ಕಣ್ಣೊರೆಸಿಕೊಂಡು ಮೊಮ್ಮಗಳು ರನೀಮ್‌ಳನ್ನು ನೋಡಲು ಕಿತ್ತಳೆ ಕಟ್ಟಿಕೊಂಡು ಹೊರಟರು.